ಒಂದು ಚಪ್ಪರಕ್ಕೆ ಒಂದೇ ಗಡಿಯಾರ

ಮಳವಳ್ಳಿಯ ಒಂದು ಛತ್ರ. ಬೆಳಿಗ್ಗೆ ಹನ್ನೊಂದೂವರೆ ಗಂಟೆ. ನಿಕಾಹ್ ಮುಗಿದು ಐದು ನಿಮಿಷವೂ ಆಗಿರಲಿಲ್ಲ, ಮದುಮಗಳ ಉಪ್ಪ ನೇರ ನಮ್ಮ ಮಿಕ್ಸರ್ ಮೇಜಿನ ಹತ್ತಿರ ಬಂದರು. ಕೈಯಲ್ಲಿ ಮೊಬೈಲ್. ಆ ಕಡೆ ಜುಬೈಲಿನಲ್ಲಿರುವ ದೊಡ್ಡ ಮಗ. ರಜೆ ಸಿಗದೆ ತಂಗಿಯ ಮದುವೆಯನ್ನು ಲೈವ್‌ನಲ್ಲಿ ನೋಡುತ್ತಿದ್ದವನು.

"ಚಿತ್ರ ಚೆನ್ನಾಗಿ ಉಂಟು ಕಾಕ. ಸ್ವರದಲ್ಲಿ ಮಾತ್ರ ಟಿಕ್ ಟಿಕ್ ಅಂತ ಬರ್ತಾ ಉಂಟು. ಉಪ್ಪ ಹೇಳಿದ್ದು, ಮದುಮಗ ಒಪ್ಪಿದ್ದು, ಯಾವುದೂ ಸರಿಯಾಗಿ ಕೇಳಲೇ ಇಲ್ಲ."

ನಮಗೆ ಆಶ್ಚರ್ಯ. ಸಭಾಂಗಣದಲ್ಲಿ ಸ್ವರ ಕನ್ನಡಿಯ ಹಾಗೆ ಸ್ಪಷ್ಟವಾಗಿತ್ತು. ಹಿಂದಿನ ಸಾಲಿನಲ್ಲಿ ಕೂತ ಹಿರಿಯರೂ ತಲೆ ಆಡಿಸುತ್ತಿದ್ದರು. ಹಾಗಾದರೆ ಟಿಕ್ ಟಿಕ್ ಎಲ್ಲಿಂದ?

ನಾವು ಬಂಟ್ವಾಳ ಕಡೆಯವರು. ಘಟ್ಟ ಹತ್ತಿ ಬಂದು ಮಂಡ್ಯದಲ್ಲಿ ಸೌಂಡ್ಸ್ ಅಂಗಡಿ ಹಾಕಿಕೊಂಡವರು. ಮದ್ದೂರು, ಮಳವಳ್ಳಿ ಕಡೆ ಮದುವೆ, ಸಭೆ, ಶಾಲಾ ವಾರ್ಷಿಕೋತ್ಸವ ಯಾವುದಿದ್ದರೂ ಹೋಗುತ್ತೇವೆ. ನಮ್ಮ ಸಮುದಾಯದ ಎಷ್ಟೋ ಹುಡುಗರು ಈಗ ಇದೇ ಕೆಲಸ ಹಿಡಿದಿದ್ದಾರೆ. ಡಿಜಿಟಲ್ ಮಿಕ್ಸರ್ ಬಂದ ಮೇಲೆ ಕೆಲಸ ಹಗುರವಾಗಿದೆ, ನಿಜ. ಆದರೆ ಹಳೆಯ ಮಿಕ್ಸರಿನಲ್ಲಿ ಇಲ್ಲದ ಒಂದು ಹೊಸ ತಲೆನೋವೂ ಅದರ ಜೊತೆಗೇ ಬಂದಿದೆ. ಅದರ ಹೆಸರು ಕ್ಲಾಕ್. ಆ ದಿನ ನಮ್ಮ ಮಾನ ಕಳೆದದ್ದು ಅದೇ.

ಹುಡುಕಿದ್ದೆಲ್ಲ ತಪ್ಪು ಜಾಗದಲ್ಲಿ

ಮೊದಲು ಮೈಕ್ ಬದಲಾಯಿಸಿದೆವು. ಟಿಕ್ ಹೋಗಲಿಲ್ಲ. ಕೇಬಲ್ ಬದಲಾಯಿಸಿದೆವು. ಹೋಗಲಿಲ್ಲ. "ಕರೆಂಟಿನ ತೊಂದರೆ" ಎಂದು ಒಬ್ಬ, "ನೆಟ್ ಸ್ಲೋ" ಎಂದು ಇನ್ನೊಬ್ಬ. ಲೈವ್ ಮಾಡುತ್ತಿದ್ದವನು ಮದ್ದೂರಿನ ಹುಡುಗ. ಅವನದ್ದೇ ಒಂದು ಚಿಕ್ಕ ಡಿಜಿಟಲ್ ಮಿಕ್ಸರ್ ಇತ್ತು, ನಮ್ಮ ಮಿಕ್ಸರಿನಿಂದ ಅದಕ್ಕೆ ಒಂದು ಡಿಜಿಟಲ್ ಕೇಬಲ್ ಹೋಗಿತ್ತು. ಅವನನ್ನು ಕೇಳಿದರೆ, "ಅಣ್ಣೋ, ನಮ್ಮದ್ರಲ್ಲಿ ಏನೂ ತೊಂದ್ರೆ ಇಲ್ಲ ಕಣಣ್ಣ. ನಿಮ್ ಕಡೆಯಿಂದ್ಲೇ ಬರ್ತಾ ಅದೆ" ಅಂದ. ನಾವು "ನಮ್ಮಲ್ಲಿ ಇಲ್ಲ ಮಾರಾಯ, ನಿನ್ನಲ್ಲೇ ನೋಡು" ಅಂದೆವು. ಇಬ್ಬರ ಮಾತೂ ನಿಜವೇ ಆಗಿತ್ತು. ತೊಂದರೆ ಇದ್ದದ್ದು ಎರಡು ಮಿಕ್ಸರುಗಳ ನಡುವೆ.

ಕೊನೆಗೆ ಎರಡೂ ಮಿಕ್ಸರಿನ ಸೆಟಪ್ ಪುಟ ತೆರೆದು ಅಕ್ಕಪಕ್ಕ ಇಟ್ಟು ನೋಡಿದೆವು. ನಮ್ಮದರಲ್ಲಿ ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಜ್, ಕ್ಲಾಕ್ ಇಂಟರ್ನಲ್. ಅವನದರಲ್ಲೂ 48, ಅವನದೂ ಇಂಟರ್ನಲ್. ನಂಬರ್ ಒಂದೇ ಇದ್ದದ್ದೇ ನಮ್ಮನ್ನು ದಾರಿ ತಪ್ಪಿಸಿತ್ತು. 'ಇಲ್ಲೂ 48, ಅಲ್ಲೂ 48, ಮತ್ತೆಂತ?' ಎಂದುಕೊಂಡಿದ್ದೆವು.

ಅವನ ಮಿಕ್ಸರಿನ ಕ್ಲಾಕ್ ಇಂಟರ್ನಲ್‌ನಿಂದ ತೆಗೆದು ಡಿಜಿಟಲ್ ಇನ್‌ಪುಟ್‌ಗೆ ಹಾಕಿದೆವು. ಅಂದರೆ 'ನೀನು ನಿನ್ನ ಗಡಿಯಾರ ನೋಡಬೇಡ, ಕೇಬಲಿನಲ್ಲಿ ಬರುವ ಗಡಿಯಾರ ನೋಡು' ಎಂದು ಹೇಳಿದ ಹಾಗೆ. ಟಿಕ್ ಟಿಕ್ ಆ ಕ್ಷಣಕ್ಕೆ ನಿಂತಿತು. ಆದರೆ ನಿಕಾಹ್ ಮುಗಿದು ಹೋಗಿತ್ತು.

ಒಂದೇ ನಂಬರ್ ಇದ್ದರೆ ಸಾಲದು

ಇದೇನೆಂದು ಮನೆಯವರಿಗೂ ಅರ್ಥವಾಗುವ ಹಾಗೆ ಹೇಳಲು ಪ್ರಯತ್ನಿಸುತ್ತೇವೆ.

ಡಿಜಿಟಲ್ ಮಿಕ್ಸರ್ ಸ್ವರವನ್ನು ಹರಿಯುವ ನೀರಿನ ಹಾಗೆ ಹಿಡಿಯುವುದಿಲ್ಲ. ಒಂದು ಸೆಕೆಂಡಿನಲ್ಲಿ ಸಾವಿರಾರು ಸಲ ಅಳೆದು ಪ್ರತಿ ಅಳತೆಯನ್ನೂ ಒಂದು ಅಂಕಿಯಾಗಿ ಬರೆದುಕೊಳ್ಳುತ್ತದೆ. ಆ ಒಂದೊಂದು ಅಳತೆಗೆ ಸ್ಯಾಂಪಲ್ ಎಂದು ಹೆಸರು. ಸೆಕೆಂಡಿಗೆ ಎಷ್ಟು ಸಲ ಎನ್ನುವುದೇ ಸ್ಯಾಂಪಲ್ ರೇಟ್. 48 ಕಿಲೋಹರ್ಟ್ಜ್ ಎಂದರೆ ಸೆಕೆಂಡಿಗೆ 48,000 ಸಲ. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ ಸುಮಾರು 20,000 ಹರ್ಟ್ಜ್ ತನಕ. ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಸ್ವರವನ್ನು ಪೂರ್ತಿ ಮರಳಿ ಪಡೆಯಬಹುದು ಎಂಬ ಲೆಕ್ಕಕ್ಕೆ 1928ರಲ್ಲಿ ಹ್ಯಾರಿ ನೈಕ್ವಿಸ್ಟ್ ಅಡಿಪಾಯ ಹಾಕಿದರು, 1949ರಲ್ಲಿ ಕ್ಲಾಡ್ ಶಾನನ್ ಅದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದರು.

ಈ ಅಳತೆ ಯಾವಾಗ ತೆಗೆಯಬೇಕು ಎಂದು ಹೇಳುವುದು ಮಿಕ್ಸರಿನೊಳಗಿನ ಗಡಿಯಾರ. ಕೈಗಡಿಯಾರದಲ್ಲಿ ಇರುವಂಥದ್ದೇ ಒಂದು ಸಣ್ಣ ಸ್ಫಟಿಕ ಅಲ್ಲೂ ಇರುತ್ತದೆ. ಎರಡು ಸ್ಫಟಿಕ ಒಂದೇ ವೇಗದಲ್ಲಿ ಎಂದೂ ಓಡುವುದಿಲ್ಲ. ಉದಾಹರಣೆಗೆ ಎರಡರ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದೆ ಎಂದು ಇಟ್ಟುಕೊಳ್ಳಿ. ಕೈಗಡಿಯಾರದಲ್ಲಾದರೆ ಅದು ದಿನಕ್ಕೆ ನಾಲ್ಕು ಸೆಕೆಂಡಿನಷ್ಟು. ಯಾರೂ ಆ ಗಡಿಯಾರವನ್ನು ಕೆಟ್ಟಿದೆ ಎನ್ನುವುದಿಲ್ಲ. ಆದರೆ ಸೆಕೆಂಡಿಗೆ 48,000 ಅಳತೆಯ ಲೆಕ್ಕದಲ್ಲಿ ಅದು ಸೆಕೆಂಡಿಗೆ 2.4 ಅಳತೆ. ಕಳುಹಿಸುವವನು ಹೆಚ್ಚು ಕಳುಹಿಸಿದರೆ ತೆಗೆದುಕೊಳ್ಳುವವನು ಒಂದನ್ನು ಬಿಟ್ಟುಬಿಡುತ್ತಾನೆ. ಕಡಿಮೆ ಬಂದರೆ ಹಳೆಯದನ್ನೇ ಇನ್ನೊಮ್ಮೆ ಓದುತ್ತಾನೆ. ಬಿಟ್ಟಾಗೊಮ್ಮೆ ಟಿಕ್, ಮತ್ತೆ ಓದಿದಾಗೊಮ್ಮೆ ಟಿಕ್. ಜುಬೈಲಿನ ಮಗನಿಗೆ ಕೇಳಿದ್ದು ಇದೇ.

ದಫ್ ತಂಡ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಹತ್ತು ಜನ ಬಡಿದರೂ ತಾಳ ಹಿಡಿಯುವವನು ಒಬ್ಬ. ಉಳಿದವರ ಕಣ್ಣು ಅವನ ಕೈಯ ಮೇಲೆ. ಇಬ್ಬರು ತಾಳ ಹಿಡಿಯಲು ಹೊರಟರೆ, ಇಬ್ಬರೂ ಪಳಗಿದವರೇ ಆದರೂ, ಸ್ವಲ್ಪ ಹೊತ್ತಿನಲ್ಲಿ ಪೆಟ್ಟು ಪೆಟ್ಟಿಗೆ ಕೂಡುವುದಿಲ್ಲ.

ಮಳವಳ್ಳಿಯಲ್ಲಿ ಇದನ್ನು ಬೇರೆ ರೀತಿ ಹೇಳಿದ್ದು ಒಬ್ಬ ಹಿರಿಯ ಎಲೆಕ್ಟ್ರಿಷಿಯನ್. ಆ ದಿನ ಛತ್ರದ ಜನರೇಟರ್ ನೋಡಿಕೊಳ್ಳುತ್ತಿದ್ದವರು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳುಹಿಸಿದ ಶಿವನಸಮುದ್ರದ ವಿದ್ಯುದಾಗಾರ ಇರುವುದು ಇದೇ ತಾಲೂಕಿನಲ್ಲಿ. ಅಲ್ಲಿನವರಿಗೆ ಕರೆಂಟಿನ ಮಾತು ಹೊಸದಲ್ಲ. "ಎರಡು ಜನರೇಟರ್‌ನ ಒಂದೇ ಲೈನಿಗೆ ಕೊಡ್ಬೇಕಾದ್ರೆ ಎರಡೂ 50 ಹರ್ಟ್ಜ್ ಅಂತ ಬರೆದಿದ್ರೆ ಸಾಕಾಯ್ತದಾ ಸಾ? ಎರಡೂ ಒಂದೇ ಹೆಜ್ಜೆಗೆ ಬರೋಗಂಟ ಕಾದು ಆಮೇಲೆ ಸ್ವಿಚ್ ಹಾಕ್ಬೇಕು. ಇಲ್ಲಾಂದ್ರೆ ಢಮಾರ್" ಅಂದರು. ನಮ್ಮಲ್ಲಿ ಢಮಾರ್ ಆಗುವುದಿಲ್ಲ, ಟಿಕ್ ಎನ್ನುತ್ತದೆ. ವ್ಯತ್ಯಾಸ ಅಷ್ಟೇ.

ಅಜ್ಜಿಯ ಸ್ವರ ಗಂಡಾದದ್ದು

ಮಳವಳ್ಳಿಯದ್ದು ಕ್ಲಾಕಿನ ತಪ್ಪು. ಮದ್ದೂರಿನಲ್ಲಿ ಆದದ್ದು ಸ್ಯಾಂಪಲ್ ರೇಟಿನ ತಪ್ಪು. ಎರಡೂ ಬೇರೆ ಬೇರೆ, ಅದನ್ನು ತಿಳಿದುಕೊಳ್ಳಲು ನಮಗೆ ಇನ್ನೊಂದು ಮದುವೆ ಬೇಕಾಯಿತು.

ಮದರಂಗಿ ರಾತ್ರಿ. ಹೆಂಗಸರು ಸೇರಿ ಹಾಡುತ್ತಿದ್ದರು. ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಅವರಿಗೆ ಬರುವ ಬ್ಯಾರಿ ಮದುವೆ ಹಾಡುಗಳು ಮನೆಯಲ್ಲಿ ಬೇರೆ ಯಾರಿಗೂ ಬರುವುದಿಲ್ಲ. "ಒಂದು ರೆಕಾರ್ಡ್ ಮಾಡಿಡಿ" ಎಂದು ಮೊಮ್ಮಕ್ಕಳು ಕೇಳಿಕೊಂಡರು. ಮಿಕ್ಸರಿನಿಂದ ಡಿಜಿಟಲ್ ಕೇಬಲಿನಲ್ಲಿ ಒಂದು ಆಡಿಯೊ ಇಂಟರ್ಫೇಸ್, ಅಲ್ಲಿಂದ ಲ್ಯಾಪ್‌ಟಾಪ್. ಈ ಸಲ ಪಾಠ ಕಲಿತಿದ್ದೆವಲ್ಲ, ಇಂಟರ್ಫೇಸಿನ ಕ್ಲಾಕನ್ನು ಮಿಕ್ಸರಿಗೆ ಕೊಟ್ಟಿದ್ದೆವು. ಒಂದು ಗಂಟೆ ರೆಕಾರ್ಡ್ ಆಯಿತು. ಒಂದೂ ಟಿಕ್ ಇಲ್ಲ.

ಮರುದಿನ ಹಾಕಿ ಕೇಳಿದರೆ ಅಜ್ಜಿಯ ಸ್ವರ ದಪ್ಪ! ಗಂಡಸು ಹಾಡಿದ ಹಾಗೆ. ಹಾಡು ಎಳೆದ ಹಾಗೆ ನಿಧಾನ. ಮೊಮ್ಮಕ್ಕಳು ನಕ್ಕರು. ಅಜ್ಜಿ ನಗಲಿಲ್ಲ. "ಇದು ನಾನಲ್ಲ ಮೋನೇ" ಅಂದರು.

ಆದದ್ದು ಇಷ್ಟು. ಮಿಕ್ಸರ್ ಕಳುಹಿಸಿದ್ದು ಸೆಕೆಂಡಿಗೆ 48,000 ಅಳತೆ. ಲ್ಯಾಪ್‌ಟಾಪಿನ ಸಾಫ್ಟ್‌ವೇರ್ ಹಿಂದಿನ ಯಾವುದೋ ಕೆಲಸದಿಂದ 44.1ರಲ್ಲೇ ಉಳಿದಿತ್ತು. ಅದು ಬಂದ ಅಳತೆಗಳನ್ನೆಲ್ಲ ಸರಿಯಾಗಿಯೇ ಬರೆದುಕೊಂಡು, ಫೈಲಿನ ತಲೆಬರಹದಲ್ಲಿ ಮಾತ್ರ 'ಸೆಕೆಂಡಿಗೆ 44,100' ಎಂದು ಬರೆದುಬಿಟ್ಟಿತು. ಓದುವಾಗ ಆ ನಂಬರಿನ ಪ್ರಕಾರ ನಿಧಾನವಾಗಿ ಓದಿತು. 60 ನಿಮಿಷದ ಹಾಡು 65 ನಿಮಿಷ 18 ಸೆಕೆಂಡ್ ಆಯಿತು. ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಕೆಳಗಿಳಿಯಿತು. ಇದರ ಉಲ್ಟಾ ಆಗಿದ್ದರೆ, ಅಂದರೆ 44.1ರಲ್ಲಿ ಬಂದದ್ದಕ್ಕೆ 48 ಎಂದು ಬರೆದಿದ್ದರೆ, ಗಂಟೆ 55 ನಿಮಿಷ ಚಿಲ್ಲರೆಗೆ ಇಳಿದು ಅಜ್ಜಿಯ ಸ್ವರ ಮಗುವಿನದಾಗುತ್ತಿತ್ತು.

ಸಮಾಧಾನದ ಮಾತೆಂದರೆ ಇಲ್ಲಿ ಏನೂ ಹಾಳಾಗಿರಲಿಲ್ಲ. ಅಳತೆಗಳೆಲ್ಲ ಭದ್ರ, ತಪ್ಪಿದ್ದು ತಲೆಬರಹ ಮಾತ್ರ. ಫೈಲಿನ ರೇಟನ್ನು 48,000 ಎಂದು ತಿದ್ದಿದ ಕೂಡಲೇ ಅಜ್ಜಿ ಮರಳಿ ಬಂದರು. ಇಲ್ಲಿ ಒಂದು ಎಚ್ಚರಿಕೆ. ಸಾಫ್ಟ್‌ವೇರಿನಲ್ಲಿ ರೇಟ್ 'ಪರಿವರ್ತನೆ' ಮಾಡುವುದು ಬೇರೆ, ತಲೆಬರಹ ತಿದ್ದುವುದು ಬೇರೆ. ಪರಿವರ್ತನೆ ಮಾಡಿದರೆ ಆ ದಪ್ಪ ಸ್ವರವನ್ನೇ ಹೊಸ ಅಳತೆಗೆ ಹೊಂದಿಸಿಕೊಡುತ್ತದೆ. ತಿದ್ದುವ ಮೊದಲು ಫೈಲಿನ ಒಂದು ನಕಲು ಇಟ್ಟುಕೊಳ್ಳಿ.

ಒಮ್ಮೆ ರೆಕಾರ್ಡ್ ಆದ ಟಿಕ್ ಹಾಗಲ್ಲ. ಅಲ್ಲಿ ಅಳತೆಯೇ ಬಿದ್ದು ಹೋಗಿರುತ್ತದೆ. ತೇಪೆ ಹಾಕಬಹುದು, ಮರಳಿ ತರಲು ಆಗುವುದಿಲ್ಲ. ರೇಟಿನ ತಪ್ಪಿಗೆ ಮದ್ದುಂಟು, ಕ್ಲಾಕಿನ ತಪ್ಪನ್ನು ಕಾರ್ಯಕ್ರಮಕ್ಕೆ ಮೊದಲೇ ಹಿಡಿಯಬೇಕು.

44.1 ಎಲ್ಲಿಂದ ಬಂತು, 48 ಯಾಕೆ?

ಎರಡು ನಂಬರ್ ಇರುವುದರಿಂದಲೇ ಅಲ್ಲವೇ ಈ ರಗಳೆ? 44.1 ಬಂದದ್ದು ಟೇಪಿನ ಕಾಲದಿಂದ. ಮೊದಮೊದಲು ಡಿಜಿಟಲ್ ಸ್ವರವನ್ನು ಇಡಲು ವಿಡಿಯೊ ಟೇಪ್ ಬಳಸುತ್ತಿದ್ದರು. ಒಂದು ಗೆರೆಗೆ 3 ಅಳತೆ, 245 ಗೆರೆ, ಸೆಕೆಂಡಿಗೆ 60 ಸಲ. ಗುಣಿಸಿದರೆ 44,100. ನಮ್ಮ ದೇಶದ ಹಾಗೆ ಸೆಕೆಂಡಿಗೆ 50ರ ಟಿವಿ ಇರುವಲ್ಲಿ 294 ಗೆರೆ, 3 ಅಳತೆ, 50 ಸಲ. ಆಗಲೂ 44,100. ಸೋನಿ ಮತ್ತು ಫಿಲಿಪ್ಸ್ ಸೇರಿ 1980ರಲ್ಲಿ ಸಿಡಿಯ ನಿಯಮ ಬರೆದಾಗ ಇದೇ ನಂಬರ್ ಉಳಿಸಿಕೊಂಡರು. ಹಾಗಾಗಿ ನಮ್ಮ ಹಳೆಯ ಹಾಡುಗಳು ಹೆಚ್ಚಾಗಿ 44.1ರಲ್ಲೇ ಇವೆ.

48 ಸಿನಿಮಾ, ಟಿವಿ, ವಿಡಿಯೊದವರ ನಂಬರ್. ಸಿನಿಮಾದ ಸೆಕೆಂಡಿಗೆ 24 ಚಿತ್ರ, ಟಿವಿಯ 25 ಚಿತ್ರ, ಎರಡಕ್ಕೂ 48,000 ಶೇಷವಿಲ್ಲದೆ ಭಾಗವಾಗುತ್ತದೆ. ಈಗ ಕ್ಯಾಮೆರಾಗಳ ವಿಡಿಯೊ, ಲೈವ್ ಹೆಚ್ಚಾಗಿ 48ರಲ್ಲೇ. ಮದುವೆಯಲ್ಲಿ ವಿಡಿಯೊ ಇಲ್ಲದ ಮನೆ ಈಗ ಎಲ್ಲಿದೆ? ಅದಕ್ಕೆ ನಾವು ಕಣ್ಣು ಮುಚ್ಚಿ 48 ಎನ್ನುತ್ತೇವೆ.

"96 ಇನ್ನೂ ಒಳ್ಳೆಯದಲ್ವಾ?" ಎಂದು ಹುಡುಗರು ಕೇಳುತ್ತಾರೆ. ಅಲೆನ್ ಆ್ಯಂಡ್ ಹೀತ್‌ನ ಎಸ್‌ಕ್ಯೂ, ಡಿಲೈವ್‌ನಂಥ ಮಿಕ್ಸರುಗಳು 96ರಲ್ಲೇ ಓಡುತ್ತವೆ. ಮಿಕ್ಸರಿನೊಳಗಿನ ವಿಳಂಬ ಸ್ವಲ್ಪ ಕಡಿಮೆಯಾಗುತ್ತದೆ, ಒಳ್ಳೆಯದೇ. ಆದರೆ ಯಮಹಾದ ಟಿಎಫ್, ಅಲೆನ್ ಆ್ಯಂಡ್ ಹೀತ್‌ನ ಹಳೆಯ ಕ್ಯೂಯು ಸರಣಿ 48ರಲ್ಲಿ, ಬೆಹ್ರಿಂಗರ್ ಎಕ್ಸ್32 48 ಅಥವಾ 44.1ರಲ್ಲಿ ಓಡುವಂಥವು. ನಮ್ಮ ಜಿಲ್ಲೆಯ ಛತ್ರಗಳಲ್ಲಿ ಭಾಷಣಕ್ಕೆ, ಹಾಡಿಗೆ 48 ಧಾರಾಳ ಸಾಕು. ರೆಕಾರ್ಡಿಂಗ್ ಲೆಕ್ಕವನ್ನೂ ನೋಡಿ. 48ರಲ್ಲಿ, 24 ಬಿಟ್‌ನಲ್ಲಿ ಒಂದು ಚಾನೆಲಿಗೆ ಗಂಟೆಗೆ ಸುಮಾರು 518 ಎಂಬಿ. 32 ಚಾನೆಲ್, ಮೂರು ಗಂಟೆ ಎಂದರೆ ಸುಮಾರು 50 ಜಿಬಿ. 96ಕ್ಕೆ ಹೋದರೆ ಅದರ ದುಪ್ಪಟ್ಟು.

ಮಂಡ್ಯದ ದೊಡ್ಡ ವೇದಿಕೆ

2024ರ ಡಿಸೆಂಬರ್ 20ರಿಂದ 22ರ ತನಕ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಅಂಥ ಕಡೆ ಒಂದು ಮೈಕಿನ ಸ್ವರ ಎಷ್ಟು ಕಡೆಗೆ ಹೋಗಬೇಕಾಗುತ್ತದೆ ನೋಡಿ. ಚಪ್ಪರದ ಸ್ಪೀಕರಿಗೆ, ವೇದಿಕೆಯ ಮೇಲಿನವರಿಗೆ, ಟಿವಿಯವರಿಗೆ, ಲೈವ್‌ಗೆ, ರೆಕಾರ್ಡಿಂಗ್‌ಗೆ. ಡಿಜಿಟಲ್ ದಾರಿ ಹೆಚ್ಚಾದಷ್ಟೂ 'ಗಡಿಯಾರ ಯಾರದ್ದು?' ಎಂಬ ಪ್ರಶ್ನೆ ದೊಡ್ಡದಾಗುತ್ತದೆ.

ಗಡಿಯಾರ ಹಂಚುವ ದಾರಿ ಮೂರು ನಾಲ್ಕಿವೆ. ಒಂದು, ಸ್ವರದ ಕೇಬಲಿನ ಜೊತೆಗೇ ಗಡಿಯಾರವೂ ಹೋಗುವುದು. ಎಇಎಸ್ ಕೇಬಲ್ ಹಾಗೂ ಸ್ಟೇಜ್ ಬಾಕ್ಸಿಗೆ ಹೋಗುವ ಎಇಎಸ್50 ಕೇಬಲ್ ಹೀಗೆ. ಎರಡು, ವರ್ಡ್ ಕ್ಲಾಕ್. ಇದಕ್ಕೆ ಬಿಎನ್‌ಸಿ ಕನೆಕ್ಟರಿನ ಬೇರೆಯೇ ಕೇಬಲ್, 75 ಓಮ್‌ನದ್ದು. ವೈರ್‌ಲೆಸ್ ಮೈಕಿನ ಆ್ಯಂಟೆನಾ ಕೇಬಲ್ ನೋಡಲು ಹಾಗೇ ಇರುತ್ತದೆ, ಆದರೆ ಅದು 50 ಓಮ್. ಅವಸರದಲ್ಲಿ ಅದನ್ನು ಹಾಕಿ ಪೇಚಿಗೆ ಸಿಕ್ಕವರು ನಾವೂ ಇದ್ದೇವೆ. ಮೂರು, ಡಾಂಟೆಯಂಥ ನೆಟ್‌ವರ್ಕ್. ಇದರಲ್ಲಿ ಸಾಧನಗಳು ತಮ್ಮೊಳಗೇ ಒಂದನ್ನು ಮುಂದಾಳಾಗಿ ಆರಿಸಿಕೊಳ್ಳುತ್ತವೆ. ಆದರೂ ನಮಗೆ ಬೇಕಾದ ಮಿಕ್ಸರನ್ನೇ ಮುಂದಾಳು ಎಂದು ಗುರುತು ಹಾಕುವುದು ಒಳ್ಳೆಯದು. ಡಾಂಟೆಯಲ್ಲಿ ರೇಟ್ ಬೇರೆ ಬೇರೆ ಇದ್ದರೆ ಟಿಕ್ ಕೂಡ ಬರುವುದಿಲ್ಲ, ಸ್ವರವೇ ದಾಟುವುದಿಲ್ಲ.

ನಮ್ಮ ಅಂಗಡಿಯ ಗೋಡೆಯಲ್ಲಿರುವ ಪಟ್ಟಿ

ಮಳವಳ್ಳಿಯಿಂದ ಬಂದ ಮೇಲೆ ಇದನ್ನು ಬರೆದು ಅಂಟಿಸಿದ್ದೇವೆ. ಈ ಕೆಲಸದಲ್ಲಿರುವ ಹುಡುಗರು ಕತ್ತರಿಸಿ ಇಟ್ಟುಕೊಳ್ಳಬಹುದು.

1. ಲೈವ್‌ನವರು, ವಿಡಿಯೊದವರು, ರೆಕಾರ್ಡಿಂಗ್‌ನವರು ಎಲ್ಲರೂ ಹಿಂದಿನ ದಿನವೇ ಫೋನಿನಲ್ಲಿ ಒಂದು ನಂಬರ್ ಒಪ್ಪಿಕೊಳ್ಳಿ. ವಿಡಿಯೊ ಇದ್ದರೆ 48.

2. ಮುಖ್ಯ ಮಿಕ್ಸರ್ ಒಂದೇ ಇಂಟರ್ನಲ್. ಅದರಿಂದ ಡಿಜಿಟಲ್ ಸ್ವರ ತೆಗೆದುಕೊಳ್ಳುವ ಸ್ಟೇಜ್ ಬಾಕ್ಸ್, ಎರಡನೇ ಮಿಕ್ಸರ್, ಇಂಟರ್ಫೇಸ್ ಎಲ್ಲವೂ ಅದನ್ನು ಹಿಂಬಾಲಿಸಬೇಕು. ಎರಡು ಕಡೆ ಇಂಟರ್ನಲ್ ಕಂಡರೆ ಅಲ್ಲೇ ನಿಲ್ಲಿಸಿ.

3. ಕ್ಲಾಕ್, ರೇಟ್ ಮುಟ್ಟುವ ಮೊದಲು ಆ್ಯಂಪ್ಲಿಫೈಯರ್ ಮ್ಯೂಟ್ ಮಾಡಿ. ಬದಲಾಗುವಾಗ ಸ್ವರ ನಿಲ್ಲಬಹುದು, ಸ್ಪೀಕರಿಗೆ ದೊಡ್ಡ ಪೆಟ್ಟು ಬೀಳಬಹುದು. ಕಾರ್ಯಕ್ರಮದ ನಡುವೆ ಮುಟ್ಟಲೇಬೇಡಿ.

4. ಲಾಕ್ ಆಗಿದೆಯೇ ಎಂದು ಪರದೆಯಲ್ಲಿ ನೋಡಿ. ಆಮೇಲೆ ಕಿವಿಯಿಂದ ನೋಡಿ. ಮಿಕ್ಸರಿನ ಟೋನ್ ಹಾಕಿ, ಕೊನೆಯ ಸಾಧನಕ್ಕೆ ಹೆಡ್‌ಫೋನ್ ಸಿಕ್ಕಿಸಿ ಐದು ನಿಮಿಷ ಕೇಳಿ. ಮಾತಿನಲ್ಲಿ, ಹಾಡಿನಲ್ಲಿ ಅಡಗುವ ಟಿಕ್ ಎಳೆದ ಟೋನಿನಲ್ಲಿ ಅಡಗುವುದಿಲ್ಲ.

5. ಲ್ಯಾಪ್‌ಟಾಪಿನಲ್ಲಿ ಎರಡು ಕಡೆ ರೇಟ್ ನೋಡಿ, ಇಂಟರ್ಫೇಸಿನಲ್ಲಿ ಮತ್ತು ಸಾಫ್ಟ್‌ವೇರಿನ ಪ್ರಾಜೆಕ್ಟಿನಲ್ಲಿ. ಒಂದು ನಿಮಿಷ ರೆಕಾರ್ಡ್ ಮಾಡಿ, ಹಾಕಿ ಕೇಳಿ, ಆಮೇಲೆ ಕೆಲಸ ಶುರುಮಾಡಿ.

6. ಮುಖ್ಯ ಮಿಕ್ಸರಿಗೆ ಯುಪಿಎಸ್ ಇರಲಿ. ಕರೆಂಟ್ ಹೋಗಿ ಜನರೇಟರ್ ಬರುವಷ್ಟರಲ್ಲಿ ಮಿಕ್ಸರ್ ಆಫ್ ಆದರೆ ಹಿಂಬಾಲಿಸುವವರೆಲ್ಲ ದಾರಿ ತಪ್ಪುತ್ತಾರೆ.

7. ಯಾವುದೂ ಲಾಕ್ ಆಗದಿದ್ದರೆ ಹಟ ಬೇಡ. ಡಿಜಿಟಲ್ ಕೇಬಲ್ ತೆಗೆದು ಸಾದಾ ಅನಲಾಗ್ ಎಕ್ಸ್‌ಎಲ್‌ಆರ್ ಕೇಬಲಿನಲ್ಲಿ ಕೊಡಿ. ಅನಲಾಗ್ ಕೇಬಲಿಗೆ ಗಡಿಯಾರವೇ ಬೇಡ.

ಶಬ್ದದ ಗುರುತೂ ಇರಲಿ. ಒಂದೇ ಸಮ 'ಗೂಂ' ಎಂದರೆ ಅರ್ಥಿಂಗ್ ನೋಡಿ. 'ಕೂಂಯ್' ಎಂದು ಕೂಗಿದರೆ ಮೈಕ್ ಸ್ಪೀಕರಿಗೆ ಹತ್ತಿರವಾಗಿದೆ. ಲೆಕ್ಕ ಹಾಕಿದ ಹಾಗೆ ಟಿಕ್ ಟಿಕ್ ಎಂದರೆ ಮೊದಲು ಕ್ಲಾಕ್ ನೋಡಿ.

ಮದುವೆ ಮನೆಯವರಿಗೆ

ಈ ಪಟ್ಟಿ ನಿಮಗೆ ಬೇಡ. ಆದರೆ ಸೌಂಡ್ಸ್‌ನವರನ್ನು ಒಬ್ಬರು, ಲೈವ್‌ನವರನ್ನು ಇನ್ನೊಬ್ಬರು ಗೊತ್ತು ಮಾಡಿರುತ್ತೀರಿ. ಅವರಿಬ್ಬರು ಭೇಟಿಯಾಗುವುದು ಮದುವೆಯ ಬೆಳಿಗ್ಗೆ, ಜನ ಬಂದು ಕೂತ ಮೇಲೆ. ಇಬ್ಬರ ನಂಬರನ್ನೂ ಒಬ್ಬರಿಗೊಬ್ಬರಿಗೆ ಒಂದು ವಾರ ಮೊದಲೇ ಕೊಡಿ. ಬೆಳಿಗ್ಗೆ ಒಂದು ಗಂಟೆ ಬೇಗ ಛತ್ರದ ಬಾಗಿಲು ತೆಗೆಸಿ. ಗಲ್ಫ್‌ನಲ್ಲಿರುವ ಮಗನಿಗೋ ಅಳಿಯನಿಗೋ ನಿಕಾಹ್‌ಗೆ ಅರ್ಧ ಗಂಟೆ ಮೊದಲು ಫೋನ್ ಮಾಡಿ, "ಸ್ವರ ಹೇಗುಂಟು?" ಎಂದು ಕೇಳಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನಮ್ಮಲ್ಲಿ ಯಾವ ಯಂತ್ರದಲ್ಲೂ ಇಲ್ಲ.

ಇನ್ನೊಂದು ಮಾತು. ಮುಖ್ಯ ಮಿಕ್ಸರಿನಲ್ಲಿ ಒಂದು ರೆಕಾರ್ಡಿಂಗ್ ಇಟ್ಟುಕೊಳ್ಳಲು ಹೇಳಿ. ಆ ದಿನ ಮಳವಳ್ಳಿಯಲ್ಲಿ ನಮ್ಮನ್ನು ಉಳಿಸಿದ್ದು ಅದೇ. ಟಿಕ್ ಇದ್ದದ್ದು ಲೈವ್‌ನಲ್ಲಿ ಮಾತ್ರ. ನಮ್ಮ ಮಿಕ್ಸರಿಗೆ ಸಿಕ್ಕಿಸಿದ್ದ ಪೆನ್ ಡ್ರೈವಿನಲ್ಲಿ ನಿಕಾಹ್ ಪೂರ್ತಿ ಇತ್ತು, ಒಂದೂ ಕಲೆಯಿಲ್ಲದೆ, ಏಕೆಂದರೆ ಅದು ಬರೆದದ್ದು ತನ್ನದೇ ಗಡಿಯಾರ ನೋಡಿ. ಊಟದ ಹೊತ್ತಿಗೆ ಆ ನಾಲ್ಕು ನಿಮಿಷ ಕತ್ತರಿಸಿ ಉಪ್ಪನವರ ಮೊಬೈಲಿಗೆ ಹಾಕಿದೆವು. ಅವರು ಜುಬೈಲಿಗೆ ಕಳುಹಿಸಿದರು.

ಸಂಜೆ ನಾವು ಸ್ಪೀಕರ್ ಗಾಡಿಗೆ ಏರಿಸುತ್ತಿದ್ದಾಗ ಅವರು ಮತ್ತೆ ಬಂದರು. ಬಾಕಿ ಹಣ ಪೂರ್ತಿ ಎಣಿಸಿ ಕೊಟ್ಟರು. "ಮಗ ಎರಡು ಸಲ ಕೇಳಿದನಂತೆ" ಅಂದರು. ಮತ್ತೇನೂ ಹೇಳಲಿಲ್ಲ. ಮದ್ದೂರಿನ ಹುಡುಗ ತನ್ನ ಮಿಕ್ಸರಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿ ಪೆನ್ನಿನಲ್ಲಿ ಬರೆಯುತ್ತಿದ್ದ: 'ಮೊದಲು ಕ್ಲಾಕ್ ನೋಡು.' ನಾವೂ ಅವನಿಂದ ಪೆನ್ ತೆಗೆದುಕೊಂಡು ನಮ್ಮದರ ಮೇಲೆ ಅದನ್ನೇ ಬರೆದೆವು.